ಕ್ರೂಸ್ ಹಡಗಿನಿಂದ ದಡಕ್ಕಿಳಿಯುವ ದಂಪತಿಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕೆರಿಬಿಯನ್ ಕ್ರೂಸ್‌ಗೆ ಹೊರಟಿರುವ ಗಂಡ ಹೆಂಡತಿ ಇಬ್ಬರೂ ಕೂತು ಓದಬೇಕಾದ ಸೂಚನೆ ಇದು. ಒಬ್ಬರು ಓದಿ ಇನ್ನೊಬ್ಬರಿಗೆ ಸಾರಾಂಶ ಹೇಳಿದರೆ ಸಾಲದು.

ಹ್ಯೂಸ್ಟನ್, ಡಲ್ಲಾಸ್ ಕಡೆಯ ಕನ್ನಡಿಗರು ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತುವುದು ರೂಢಿ. ಉಳಿದವರು ಹೆಚ್ಚಾಗಿ ಮಯಾಮಿ ಅಥವಾ ಫೋರ್ಟ್ ಲಾಡರ್‌ಡೇಲ್‌ಗೆ ಹೋಗುತ್ತಾರೆ. ಪಶ್ಚಿಮ ಕೆರಿಬಿಯನ್ನಿನ ಒಂದು ವಾರದ ಯಾನವೆಂದರೆ ಮೆಕ್ಸಿಕೊದ ಕೊಜುಮೆಲ್, ಬೆಲೀಜ್, ಗ್ರ್ಯಾಂಡ್ ಕೇಮನ್, ಜಮೈಕಾ, ಹೊಂಡುರಾಸಿನ ರೊವಾಟಾನ್, ಇವುಗಳಲ್ಲಿ ಮೂರೋ ನಾಲ್ಕೋ ಬಂದರು. ಒಂದೊಂದರಲ್ಲಿ ಸಿಗುವುದು ಕೆಲವೇ ಗಂಟೆ. ಹಡಗಿನಲ್ಲಿ ಏನೇ ಎಡವಟ್ಟಾದರೂ ನೋಡಿಕೊಳ್ಳಲು ನೂರಾರು ಸಿಬ್ಬಂದಿ ಇರುತ್ತಾರೆ. ದಡದ ಮೇಲೆ ನೀವಿಬ್ಬರೇ.

ಮಿಕ್ಕ ಎಲ್ಲ ನಿಯಮಗಳಿಗೂ ಬುನಾದಿಯಾದದ್ದನ್ನು ಮೊದಲೇ ಹೇಳುತ್ತೇನೆ. ಇಬ್ಬರಲ್ಲಿ ಯಾರ ಕೈಲಿ ಕಡಿಮೆ ಆಗುತ್ತದೋ ಅವರನ್ನು ನೋಡಿಕೊಂಡು ದಿನದ ಯೋಜನೆ ಹಾಕಿ. ಗಂಡನಿಗೆ ಈಜು ಬರುತ್ತದೆ, ಹೆಂಡತಿಗೆ ಬರುವುದಿಲ್ಲ ಎಂದಾದರೆ ಅದು ಈಜು ಬಾರದವರ ದಿನ. ಹೆಂಡತಿ ಬೆಟ್ಟ ಹತ್ತಬಲ್ಲಳು, ಗಂಡನಿಗೆ ಮಂಡಿನೋವು ಎಂದಾದರೆ ಅದು ಮಂಡಿನೋವಿನ ದಿನ. "ಅಲ್ಲಿಗೆ ಹೋದಮೇಲೆ ಹೇಗೋ ಆಗುತ್ತದೆ" ಎಂಬ ಮಾತನ್ನು ಈ ಯಾನದ ಮಟ್ಟಿಗೆ ಬಿಟ್ಟುಬಿಡಿ. ಹಿಂಜರಿಯುವವರನ್ನು ಹುರಿದುಂಬಿಸಿ ನೀರಿಗೆ ಇಳಿಸುವುದು ಪ್ರೀತಿಯಲ್ಲ, ಅಪಾಯ.

ಟಿಕೆಟ್‌ಗೆ ಮುಂಚೆ

ಕಾಗದಪತ್ರ ನೋಡದೆ ಕ್ರೂಸ್ ಬುಕ್ ಮಾಡಬೇಡಿ. ಅಮೆರಿಕದಲ್ಲಿ ಹೊರಟು ಅಮೆರಿಕದಲ್ಲೇ ಮುಗಿಯುವ ಯಾನಕ್ಕೆ ಜನನ ಪ್ರಮಾಣಪತ್ರ, ಗುರುತಿನ ಚೀಟಿ ಸಾಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಜೊತೆಗೆ ಗ್ರೀನ್ ಕಾರ್ಡ್ ಇರಬೇಕು, ಇಲ್ಲವೇ ಮರಳಿ ಒಳಗೆ ಬರಲು ಆಗುವಂಥ ವೀಸಾ ಇರಬೇಕು.

ಇಲ್ಲಿ ಅನೇಕರು ಜಾರುವ ಜಾಗವೊಂದಿದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೂ ವಾಸದ ಅವಧಿ ತೋರಿಸುವ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ, ಮೆಕ್ಸಿಕೊ ಅಥವಾ ಕೆನಡಾಕ್ಕೆ 30 ದಿನದೊಳಗೆ ಹೋಗಿಬರಲು ಒಂದು ವಿನಾಯಿತಿ ಇದೆ, ಅದಕ್ಕೆ ಅದರದೇ ಷರತ್ತುಗಳೂ ಇವೆ. ಆ ವಿನಾಯಿತಿ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದು ವಿದ್ಯಾರ್ಥಿಗಳ ಎಫ್ ವೀಸಾ ಮತ್ತು ಜೆ ವೀಸಾದವರಿಗೆ ಮಾತ್ರ. ಎಚ್-1ಬಿಗೂ ಎಚ್-4ಗೂ ಅನ್ವಯಿಸುವುದಿಲ್ಲ. ಅಂದರೆ ಬರೀ ಕೊಜುಮೆಲ್‌ಗೆ ಹೋಗಿಬರುವ ಹಡಗು ಬೇರೆ, ಕೊಜುಮೆಲ್ ಜೊತೆಗೆ ಗ್ರ್ಯಾಂಡ್ ಕೇಮನ್ ಮತ್ತು ಜಮೈಕಾ ಮುಟ್ಟುವ ಹಡಗು ಬೇರೆ. ಸ್ಟ್ಯಾಂಪ್ ಮುಗಿದಿದ್ದರೆ ಎರಡನೆಯದನ್ನು ಹತ್ತಕೂಡದು. ಗಂಡನ ವೀಸಾ ಸರಿಯಿದ್ದು ಹೆಂಡತಿಯದು ಮುಗಿದಿರುವುದೂ ಉಂಟು, ಆದ್ದರಿಂದ ಇಬ್ಬರ ಪಾಸ್‌ಪೋರ್ಟನ್ನೂ ಬೇರೆ ಬೇರೆಯಾಗಿ ತೆರೆದು ನೋಡಿ. ಸಣ್ಣ ಅನುಮಾನ ಬಂದರೂ ವಲಸೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ. ಪ್ರತಿ ಬಂದರಿನ ವೀಸಾ ನಿಯಮವನ್ನು ಕ್ರೂಸ್ ಕಂಪನಿಯಿಂದ ಬರಹದಲ್ಲೇ ಪಡೆಯಿರಿ.

ವಿಮೆ ಮಾಡಿಸಿ. ಮನೆಯ ಆರೋಗ್ಯ ವಿಮೆ ಹೊಂಡುರಾಸಿನ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಊಹಿಸಬೇಡಿ. ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ವಿಮೆಯೊಳಗೆ ಬರುತ್ತದೆಯೇ, ಜಿಪ್‌ಲೈನ್ ಮತ್ತು ಸ್ಕೂಬಾದಂಥವನ್ನು ಹೊರಗಿಟ್ಟಿದ್ದಾರೆಯೇ ಎಂಬ ಎರಡು ಸಾಲನ್ನು ಹುಡುಕಿ ಓದಿ.

ಮಗುವಿನ ಯೋಚನೆಯಲ್ಲಿರುವ ದಂಪತಿ ಹೊರಡುವ ಮುಂಚೆ ವೈದ್ಯರೊಡನೆ ಜೀಕಾ ವೈರಸ್ ಬಗ್ಗೆ ಮಾತಾಡಲೇಬೇಕು. ಡೆಂಗೆ ಹರಡುವ ಹಗಲು ಕಚ್ಚುವ ಸೊಳ್ಳೆಯೇ ಇದನ್ನೂ ಹರಡುತ್ತದೆ. ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಗರ್ಭಿಣಿಗೆ ತಗುಲಿದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು. ಸೋಂಕಿನ ಸಾಧ್ಯತೆ ಇರುವ ಜಾಗಕ್ಕೆ ಹೋಗಿಬಂದ ಮೇಲೆ ಗರ್ಭಧಾರಣೆಗೆ ಮುನ್ನ ಗಂಡಸರು 3 ತಿಂಗಳು, ಹೆಂಗಸರು 2 ತಿಂಗಳು ಕಾಯಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಮದುವೆಯಾದ ಹೊಸದರಲ್ಲಿ ಹೊರಡುವವರು ಮುಜುಗರ ಬಿಟ್ಟು ಇದನ್ನು ಕೇಳಿ ತಿಳಿದುಕೊಳ್ಳಿ.

ಗಡಿಯಾರ

ದಡದಲ್ಲಿ ನಿಮ್ಮ ಗಡಿಯಾರ ಹಡಗಿನದು. ಊರಿನದಲ್ಲ, ಫೋನಿನದೂ ಅಲ್ಲ.

ಕಾರಣ ಸರಳ. ಕೊಜುಮೆಲ್ ಇರುವ ಕಿಂಟಾನ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ, ಬೇಸಿಗೆಗೆ ಗಡಿಯಾರ ಬದಲಿಸುವುದಿಲ್ಲ. ಮಯಾಮಿ ಬದಲಿಸುತ್ತದೆ. ಜುಲೈನಲ್ಲಿ ಮಯಾಮಿಯಿಂದ ಹೊರಟ ಹಡಗು ತನ್ನ ಗಡಿಯಾರವನ್ನು ಹಾಗೇ ಉಳಿಸಿಕೊಂಡಿದ್ದರೆ, ಹಡಗಿನಲ್ಲಿ ಸಂಜೆ 5 ಆದಾಗ ಕೊಜುಮೆಲ್‌ನ ಅಂಗಡಿಯ ಗೋಡೆಯಲ್ಲಿ 4. ನಿಮ್ಮ ಫೋನ್ ತಾನಾಗಿಯೇ ಸ್ಥಳೀಯ ಸಮಯಕ್ಕೆ ಹೊರಳಿ ಅದೂ 4 ತೋರಿಸುತ್ತದೆ. ಇನ್ನೂ ಒಂದು ಗಂಟೆಯಿದೆ ಎಂದು ನೀವು ಐಸ್‌ಕ್ರೀಮ್ ತಿನ್ನುತ್ತಿರುವಾಗ ಹಡಗಿನ ಏಣಿ ಮೇಲೇರುತ್ತಿರುತ್ತದೆ. ಚಳಿಗಾಲದಲ್ಲಿ ಬೆಲೀಜ್ ಮತ್ತು ರೊವಾಟಾನ್‌ಗಳಲ್ಲೂ ಇದೇ ಒಂದು ಗಂಟೆಯ ಅಂತರ. ಕೆಲವು ಹಡಗುಗಳು ಬಂದರಿಗೆ ತಕ್ಕಂತೆ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಆದ್ದರಿಂದ ಇಳಿಯುವ ಮುನ್ನ ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಹಡಗಿನ ಸಮಯ ನೋಡಿ, ಮುಳ್ಳಿನ ಕೈಗಡಿಯಾರವೊಂದನ್ನು ಅದಕ್ಕೆ ಹೊಂದಿಸಿ ಕಟ್ಟಿಕೊಳ್ಳಿ. ಇಬ್ಬರೂ ಕಟ್ಟಿಕೊಳ್ಳಿ.

ಹಡಗು ಹೊರಡುವ ಸಮಯ ಒಂದು, ಎಲ್ಲರೂ ಹತ್ತಿರಬೇಕಾದ ಸಮಯ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ, ಕೆಲವೊಮ್ಮೆ ಇನ್ನೂ ಮುಂಚೆ. ನೀವು ಲೆಕ್ಕಕ್ಕೆ ಹಿಡಿಯಬೇಕಾದ್ದು ಎರಡನೆಯದನ್ನು, ಅದಕ್ಕೂ ಎರಡು ಗಂಟೆ ಮೊದಲು ಬಂದರಿನ ಆವರಣದೊಳಗೆ ಇರಬೇಕು. ಸಾಮಾನು ಕೊಳ್ಳುವ ಆಸೆಯಿದ್ದರೆ ಆ ಎರಡು ಗಂಟೆಯಲ್ಲಿ ಬಂದರಿನ ಒಳಗಿನ ಅಂಗಡಿಗಳಲ್ಲಿ ಕೊಳ್ಳಿ.

ಹಡಗು ಕಾಯುವುದಿಲ್ಲ ಎಂಬುದಕ್ಕೆ ದೂರದ ಸಾಕ್ಷಿಯೊಂದಿದೆ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಸುತ್ತಾಟಕ್ಕೆ ಹೋಗಿದ್ದ ಎಂಟು ಪ್ರಯಾಣಿಕರನ್ನು ಬಿಟ್ಟು ನಾರ್ವೇಜಿಯನ್ ಡಾನ್ ಹಡಗು ಹೊರಟಿತು. ಅವರಲ್ಲಿ ವಯಸ್ಸಾದವರಿದ್ದರು, ಗರ್ಭಿಣಿಯೂ ಇದ್ದರು. ಹಡಗು ಹಿಡಿಯಲು ಅವರು ದೇಶದಿಂದ ದೇಶಕ್ಕೆ ಅಲೆದರು. ಗ್ಯಾಂಬಿಯಾದಲ್ಲಿ ಹಡಗು ದಡ ಮುಟ್ಟಲಾಗದೆ ಮುಂದೆ ಸಾಗಿತು. ಕೊನೆಗೆ ಅದು ಕೈಗೆ ಸಿಕ್ಕಿದ್ದು ಸೆನೆಗಲ್‌ನ ಡಾಕರ್‌ನಲ್ಲಿ. ಅವರಲ್ಲಿ ಹೆಚ್ಚಿನವರದು ಅಮೆರಿಕದ ಪಾಸ್‌ಪೋರ್ಟ್. ಅದೇ ಪಾಡು ನಮ್ಮ ಪಾಸ್‌ಪೋರ್ಟಿಗೆ ಬಂದರೆ ಪ್ರತಿ ಗಡಿಯಲ್ಲೂ ವೀಸಾ ಎಂಬ ಪ್ರಶ್ನೆ ಎದುರಾಗುತ್ತದೆ ಎಂಬುದನ್ನು ನೆನಪಿಡಿ.

ಹಡಗಿನ ಪ್ರವಾಸವೋ, ಸ್ವಂತದ್ದೋ

ಬಂದರಿನಿಂದ ಒಂದು ಗಂಟೆಗಿಂತ ದೂರದ ಜಾಗವಾದರೆ ಹಡಗಿನವರು ಮಾರುವ ಪ್ರವಾಸವನ್ನೇ ತೆಗೆದುಕೊಳ್ಳಿ. ದುಬಾರಿ ನಿಜ, ಬಸ್ಸು ತುಂಬ ಜನ ನಿಜ. ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಕಂಪನಿಯದು. ನೀವು ಕೊಡುವ ಹೆಚ್ಚಿನ ದುಡ್ಡು ಈ ಒಂದು ಮಾತಿಗೆ. ಹತ್ತು ಹದಿನೈದು ನಿಮಿಷದ ಕಡಲತೀರಕ್ಕೆ, ಪೇಟೆ ಸುತ್ತಲು ಆ ದುಡ್ಡು ದಂಡ. ಅಂಥ ಜಾಗಕ್ಕೆ ಅಧಿಕೃತ ಟ್ಯಾಕ್ಸಿ ಹಿಡಿದು ಇಬ್ಬರೇ ಹೋಗಿ.

ಹಾಗೆಂದು ಹಡಗಿನವರು ಮಾರಿದ್ದೆಲ್ಲ ಸುರಕ್ಷಿತ ಎಂದು ಕಣ್ಣು ಮುಚ್ಚಬೇಡಿ. ಅದನ್ನು ನಡೆಸುವವರು ಸಾಮಾನ್ಯವಾಗಿ ಆ ಊರಿನ ಬೇರೆ ಕಂಪನಿಯವರು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಾಕಾರಿ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದಾಗ ಅಲ್ಲಿದ್ದ 47 ಜನರಲ್ಲಿ ಹೆಚ್ಚಿನವರು ಕ್ರೂಸ್ ಹಡಗಿನಿಂದ ಬಂದ ಪ್ರವಾಸಿಗರು. 22 ಜನ ಸತ್ತರು. 2017ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಮಹಹುವಾಲ್ ಬಳಿ ಮಾಯಾ ಅವಶೇಷ ನೋಡಲು ಹೊರಟಿದ್ದ ಕ್ರೂಸ್ ಪ್ರಯಾಣಿಕರ ಬಸ್ಸು ಮಗುಚಿ 12 ಜನ ತೀರಿಕೊಂಡರು. ಬಸ್ಸಿನಲ್ಲಿ ಬೆಲ್ಟ್ ಇದ್ದರೆ ಕಟ್ಟಿಕೊಳ್ಳಿ. ಚಾಲಕ ಅತಿವೇಗದಲ್ಲಿ ಓಡಿಸುತ್ತಿದ್ದರೆ ಬಾಯಿ ಬಿಟ್ಟು ಹೇಳಿ. ಪಕ್ಕದಲ್ಲಿ ಕೂತ ಸಂಗಾತಿ "ಸುಮ್ಮನಿರಿ, ಎಲ್ಲರೂ ನೋಡುತ್ತಾರೆ" ಎಂದರೂ ಹೇಳಿ.

ಸ್ವಂತವಾಗಿ ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಹಡಗು ಈ ಬಂದರಿಗೆ ಬಾರದೇ ಹೋದರೆ ಪೂರ್ತಿ ಹಣ ವಾಪಸ್ ಕೊಡುತ್ತೀರಾ? ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ಕಟ್ಟುವ ಕಟ್ಟೆ ಇಲ್ಲ, ಹಡಗು ಹೊರಗೆ ಲಂಗರು ಹಾಕಿ ಜನರನ್ನು ಟೆಂಡರ್ ದೋಣಿಯಲ್ಲಿ ಜಾರ್ಜ್ ಟೌನಿಗೆ ಕಳಿಸುತ್ತದೆ. ಬೆಲೀಜ್ ಸಿಟಿಯ ಕಡಲು ಆಳವಿಲ್ಲದ್ದರಿಂದ ಹಡಗು ಮೈಲಿಗಟ್ಟಲೆ ದೂರದಲ್ಲೇ ನಿಲ್ಲುತ್ತದೆ. ಗಾಳಿ ಜೋರಾದರೆ ಕ್ಯಾಪ್ಟನ್ ಟೆಂಡರ್ ನಿಲ್ಲಿಸಿ ಮುಂದೆ ಸಾಗುತ್ತಾರೆ, ಅವರ ತೀರ್ಮಾನ ಸರಿಯೇ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಆಗ ಬಂದರು ತಪ್ಪುವ ಸಂಭವ ಹೆಚ್ಚು. ಟೆಂಡರ್ ಇರುವ ಬಂದರಿನಲ್ಲಿ ಮರಳುವಾಗ ಕೊನೆಯ ದೋಣಿಗೆ ಕಾಯಲೇಬೇಡಿ, ಸರತಿ ಅಲ್ಲೇ ಅತಿ ಉದ್ದ.

ಒಂದು ಬಂದರಿಗೆ ಒಂದೇ ಕೆಲಸ

ಬೆಳಿಗ್ಗೆ ಸ್ನಾರ್ಕೆಲ್, ಮಧ್ಯಾಹ್ನ ಮಾಯಾ ದೇಗುಲ, ಸಂಜೆ ಶಾಪಿಂಗ್ ಎಂದು ಪೋಣಿಸಬೇಡಿ. ಜೋಡಿಗಳು ದಡದಲ್ಲಿ ಜಗಳವಾಡುವುದು ಹೆಚ್ಚಾಗಿ ಇಂಥ ಪೋಣಿಕೆಯಿಂದಲೇ. ಹಸಿವು, ಬಿಸಿಲು, ಒದ್ದೆ ಬಟ್ಟೆ, ಗಡಿಯಾರ ನಾಲ್ಕೂ ಸೇರಿದರೆ ಎಂಥ ಪ್ರೀತಿಯೂ ಗದರುತ್ತದೆ.

ಕೊಜುಮೆಲ್‌ನಿಂದ ತುಲುಮ್‌ಗೆ ಹೋಗುವುದನ್ನೇ ನೋಡಿ. ಮೊದಲು ಪ್ಲಾಯಾ ಡೆಲ್ ಕಾರ್ಮೆನ್‌ಗೆ ಸುಮಾರು 45 ನಿಮಿಷದ ಫೆರಿ, ಅದು ದಾಟುವ ಜಲಸಂಧಿ ಹಲವು ದಿನ ಕುಲುಕಾಡುತ್ತದೆ. ಆಮೇಲೆ ಸುಮಾರು ಒಂದು ಗಂಟೆ ಬಸ್ಸು. ಕಡಲ ಬಂಡೆಯ ಮೇಲಿನ ಆ ಕೋಟೆಯೂರಲ್ಲಿ ಹೆಚ್ಚು ನೆರಳಿಲ್ಲ. ಮತ್ತೆ ಅದೇ ದಾರಿ ವಾಪಸ್. ನೋಡಬೇಕಾದ ಜಾಗ ಎನ್ನುವುದರಲ್ಲಿ ಎರಡು ಮಾತಿಲ್ಲ, ಸ್ಪೇನಿನವರು ಬಂದಾಗಲೂ ಜನ ವಾಸವಿದ್ದ ಮಾಯಾ ಪಟ್ಟಣ ಅದು. ಆದರೆ ಇಬ್ಬರಲ್ಲಿ ಒಬ್ಬರಿಗೆ ಕಡಲ ವಾಕರಿಕೆ ಇದ್ದರೆ ಅದನ್ನು ಬಿಡಿ. ಕೊಜುಮೆಲ್ ದ್ವೀಪದ ಒಳಗೇ ಸಾನ್ ಹೆರ್ವಾಸಿಯೊ ಇದೆ. ಚಂದ್ರ, ಹೆರಿಗೆ, ನೇಯ್ಗೆಗಳ ದೇವತೆ ಇಶ್ಚೆಲ್‌ಳನ್ನು ಕಾಣಲು ಮಾಯಾ ಹೆಂಗಸರು ದೋಣಿಯಲ್ಲಿ ಸಮುದ್ರ ದಾಟಿ ಬರುತ್ತಿದ್ದ ಕ್ಷೇತ್ರ ಅದು. ಕಲ್ಲು ಸಣ್ಣವು, ಗುಡಿಗಳು ತಗ್ಗಿನವು, ಸುತ್ತ ಕಾಡಿನ ನೆರಳು. ಮಕ್ಕಳಾಗಲೆಂದು ಹರಕೆ ಹೊತ್ತು ದೂರದ ಗುಡಿಗೆ ನಡೆಯುವ ಹೆಂಗಸರನ್ನು ಕಂಡಿರುವ ನಮಗೆ ಆ ಜಾಗ ಬೇಗ ಅರ್ಥವಾಗುತ್ತದೆ. ಟ್ಯಾಕ್ಸಿಯಲ್ಲಿ ಹೋಗಿ ಊಟದ ಹೊತ್ತಿಗೆ ಮರಳಬಹುದು. ಈ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಜೋಡಿಗಳಿಗೆ ನನ್ನ ಮತ ಸಾನ್ ಹೆರ್ವಾಸಿಯೊಗೆ.

ಬೆಲೀಜ್‌ನಲ್ಲಿ ಆಲ್ಟುನ್ ಹಾ ನೋಡಿ. ಬೆಲೀಜ್ ಸಿಟಿಯಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. 1968ರಲ್ಲಿ ಇಲ್ಲಿನ ಗೋರಿಯೊಂದರಲ್ಲಿ ಸೂರ್ಯದೇವ ಕಿನಿಚ್ ಅಹಾವ್‌ನ ಹಸಿರು ಜೇಡ್ ಕಲ್ಲಿನ ತಲೆ ಸಿಕ್ಕಿತು, ತೂಕ 4.42 ಕಿಲೋ. ಕೆಲವರ ಒಲವು ಗುಹೆಯೊಳಗೆ ಟ್ಯೂಬಿನಲ್ಲಿ ತೇಲುವುದರ ಕಡೆಗೆ. ಕತ್ತಲೆಗೆ, ಇಕ್ಕಟ್ಟಿಗೆ ಹೆದರುವವರನ್ನು ಅಲ್ಲಿಗೆ ಎಳೆದೊಯ್ಯಬೇಡಿ, ನಡುವೆ ಹಿಂದಿರುಗುವ ದಾರಿಯಿಲ್ಲ.

ಜಮೈಕಾದ ಓಚೊ ರಿಯೋಸ್ ಬಳಿಯ ಡನ್ಸ್ ರಿವರ್ ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ನೀರಿನೊಳಗೇ ಹತ್ತುತ್ತಾರೆ. ಸುಮಾರು 180 ಅಡಿ ಎತ್ತರ, 600 ಅಡಿ ಉದ್ದ. ಅಪರಿಚಿತರೆಲ್ಲ ಕೈ ಕೈ ಹಿಡಿದು ಸರಪಳಿಯಾಗಿ ಏರುವುದು ಅಲ್ಲಿಯ ಪದ್ಧತಿ. ನೀರಿನಲ್ಲಿ ಹಿಡಿತವಿರುವ ಷೂ ಇಲ್ಲದೆ ಕಾಲಿಡಬೇಡಿ. ಸರಪಳಿಯಲ್ಲಿ ಒಬ್ಬರು ಜಾರಿದರೆ ಪಕ್ಕದವರೂ ಜಾರುತ್ತಾರೆ, ಆದ್ದರಿಂದ ಫೋನ್ ಹಿಡಿದ ಕೈಯಿಂದ ಸಂಗಾತಿಯ ಕೈ ಹಿಡಿಯಬೇಡಿ. ಏರಲಾಗದವರಿಗೆ ಪಕ್ಕದಲ್ಲೇ ಮೆಟ್ಟಿಲು ಇದೆ. ಒಬ್ಬರು ನೀರಿನಲ್ಲಿ, ಒಬ್ಬರು ಮೆಟ್ಟಿಲಿನಲ್ಲಿ ಹೋಗಿ ಮೇಲೆ ಸೇರಿಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ.

ನೀರು

ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಮೊಣಕಾಲಿಗಿಂತ ಆಳಕ್ಕೆ ಹೋಗಕೂಡದು. ಫೋಟೊ ಚೆನ್ನಾಗಿ ಬರಲಿ ಎಂದು ಜಾಕೆಟ್ ತೆಗೆಯಕೂಡದು. ಸ್ನಾರ್ಕೆಲ್ ಮೊದಲ ಬಾರಿಯಾದರೆ ನಿಂತು ಉಸಿರಾಡಬಹುದಾದಷ್ಟು ನೀರಿನಲ್ಲೇ ಅಭ್ಯಾಸ ಮಾಡಿ, ನೇರವಾಗಿ ದೋಣಿಯಿಂದ ಕೊಜುಮೆಲ್‌ನ ಪಾಲಂಕಾರ್ ಹವಳ ದಿಬ್ಬದ ಮೇಲಿನ ಆಳಕ್ಕೆ ಧುಮುಕಬೇಡಿ. ಇಬ್ಬರೂ ಕೈಗೆಟಕುವ ದೂರದಲ್ಲಿರಿ. ಮುಖ ಕೆಳಗಿಟ್ಟು ಮೀನು ನೋಡುತ್ತಿರುವವರಿಗೆ ಸಂಗಾತಿ ಒದ್ದಾಡುವುದು ಕೇಳಿಸುವುದಿಲ್ಲ, ಮುಳುಗುವವರು ಕೂಗುವುದೂ ಅಪರೂಪ. ಆಗಾಗ ತಲೆ ಎತ್ತಿ ನೋಡಿ, ಇದು ಇಬ್ಬರ ಕರ್ತವ್ಯ. ಉಸಿರು ಕಟ್ಟಿದಂತಾದರೆ, ಎದೆ ಬಿಗಿದರೆ, ತಕ್ಷಣ ಹೊರಗೆ ಬನ್ನಿ. ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಲೇಬೇಡಿ.

ಕುಡಿದು ನೀರಿಗೆ ಇಳಿಯಬೇಡಿ. ದೋಣಿಯಲ್ಲಿ ರಮ್ ಪಂಚ್ ಪುಕ್ಕಟೆ ಕೊಡುತ್ತಾರೆ. ಈಜು ಮುಗಿದ ಮೇಲೆ ತೆಗೆದುಕೊಳ್ಳಿ.

ಕಡೆಯ ಬಂದರಿನಲ್ಲಿ ಸ್ಕೂಬಾ ಮಾಡುವವರು ಮನೆಗೆ ಹೋಗುವ ವಿಮಾನದ ಸಮಯ ಲೆಕ್ಕ ಹಾಕಿ. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯೇಳುವುದು ಪ್ರಾಣಕ್ಕೆ ಕುತ್ತು.

ಚಿನ್ನ ಹಡಗಿನ ಸೇಫ್‌ನಲ್ಲಿರಲಿ. ನೀರಿನ ತಂಪಿಗೆ ಬೆರಳು ಕುಗ್ಗಿ ಉಂಗುರ ಜಾರುತ್ತದೆ. ಹೊಳೆಯುವ ಒಡವೆಯನ್ನು ಬಾರಾಕುಡಾ ಮೀನು ಸಣ್ಣ ಮೀನೆಂದು ಎಣಿಸುವುದುಂಟು. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದವರು ಆ ವಾರದ ಮಟ್ಟಿಗೆ ಅರಿಸಿನದ ದಾರ ಅಥವಾ ಕರಿಮಣಿಯ ಎಳೆ ಹಾಕಿಕೊಳ್ಳಿ. ಇದನ್ನು ಹೊರಡುವ ಮೊದಲೇ ಮಾತಾಡಿ ತೀರ್ಮಾನಿಸಿ, ದೋಣಿಯ ಮೇಲೆ ನಿಂತಲ್ಲ.

ಗ್ರ್ಯಾಂಡ್ ಕೇಮನ್‌ನ ಸ್ಟಿಂಗ್‌ರೇ ಸಿಟಿ ಜೋಡಿಗಳಿಗೆ ನಾನು ಮನಸಾರೆ ಹೇಳುವ ಜಾಗ. ಉತ್ತರದ ಕೊಲ್ಲಿಯಲ್ಲಿ ಸೊಂಟದಷ್ಟು ನೀರಿನ ಮರಳುದಿಬ್ಬ. ಹಿಂದೆ ಬೆಸ್ತರು ಅಲ್ಲಿ ಮೀನು ಕೊಯ್ದು ಉಳಿದದ್ದನ್ನು ಎಸೆಯುತ್ತಿದ್ದರು, ತೊರಕೆ ಮೀನುಗಳು ಅದಕ್ಕೆ ಬಂದು ಬಂದು ಮನುಷ್ಯರಿಗೆ ಒಗ್ಗಿಹೋದವು. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು ನಿಲ್ಲಬಹುದು. ಆದರೆ ಕಾಲನ್ನು ಎತ್ತಿ ಇಡಬೇಡಿ, ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ. ಮರಳಿನಲ್ಲಿ ಹುದುಗಿದ ಮೀನನ್ನು ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಬಾಲ ಮುಟ್ಟಬೇಡಿ. ಮೀನನ್ನು ನೀರಿನಿಂದ ಮೇಲೆತ್ತಿ ಫೋಟೊ ತೆಗೆಯುವುದು ಅಲ್ಲಿ ಕಾನೂನುಬಾಹಿರ, ಗೈಡ್ ಎತ್ತಿ ಕೊಟ್ಟರೂ ಬೇಡ ಎನ್ನಿ. ಕೊಜುಮೆಲ್‌ನ ನಕ್ಷತ್ರಮೀನಿಗೂ ಇದೇ ಮಾತು. ನೀರಿನಿಂದ ಹೊರಗೆ ತೆಗೆದರೆ ಅದು ಉಸಿರಾಡಲಾರದು.

ಹವಳದ ಮೇಲೆ ನಿಲ್ಲಬೇಡಿ, ಕೈಯಿಂದ ಹಿಡಿಯಬೇಡಿ. ಕೊಜುಮೆಲ್, ಬೆಲೀಜ್, ರೊವಾಟಾನ್ ಮೂರೂ ಒಂದೇ ಹವಳ ದಿಬ್ಬಸಾಲಿನ ಮೇಲಿವೆ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ಟರೆ ಅದೇ ಜಗತ್ತಿನಲ್ಲಿ ದೊಡ್ಡದು. ಕಲ್ಲಿನಂತೆ ಕಾಣುವ ಅದು ಜೀವ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಇರಬಾರದು. ಸೇಂಟ್ ಥಾಮಸ್ ಇರುವ ಯುಎಸ್ ವರ್ಜಿನ್ ದ್ವೀಪಗಳು 2020ರಿಂದ ಅವನ್ನು ನಿಷೇಧಿಸಿವೆ. ಝಿಂಕ್ ಆಕ್ಸೈಡಿನ ಕ್ರೀಮ್ ಕೊಳ್ಳಿ, ಅದಕ್ಕಿಂತ ಮೇಲು ತೋಳಿರುವ ಈಜಂಗಿ.

ಕೆರಿಬಿಯನ್ ಕಡಲತೀರಗಳಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ. ಸಣ್ಣ ಹಸಿರು ಸೇಬಿನಂಥ ಹಣ್ಣು, ತಿಂದರೆ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೆ ತೊಟ್ಟಿಕ್ಕುವ ಹಾಲಿನಿಂದ ಮೈ ಬೊಬ್ಬೆಯೇಳುತ್ತದೆ. ಹಲವೆಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ, ಬಳಿಯದ ಮರಗಳೂ ಇವೆ. ಹೆಸರು ಗೊತ್ತಿಲ್ಲದ ಮರದಡಿ ಚಾಪೆ ಹಾಸಬೇಡಿ, ಬಿದ್ದ ಹಣ್ಣು ಮುಟ್ಟಬೇಡಿ.

ಊರಲ್ಲಿ

ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದಾಗ ಪ್ರಯಾಣಿಕರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ಅವರು ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನಾವು ಬಯಸುತ್ತೇವೋ ಹಾಗೆ ನಾವು ಕೊಜುಮೆಲ್‌ನಲ್ಲಿ, ಜಮೈಕಾದ ಫಾಲ್ಮತ್‌ನಲ್ಲಿ ನಡೆದುಕೊಳ್ಳಬೇಕು. ಈಜುಡುಗೆ ಕಡಲತೀರಕ್ಕೆ ಮಾತ್ರ, ಪೇಟೆಗೂ ಚರ್ಚಿಗೂ ಮೈ ಮುಚ್ಚುವ ಬಟ್ಟೆ. ಕೇಳದೆ ಜನರ ಫೋಟೊ ತೆಗೆಯಬೇಡಿ. ಸೈನಿಕರ ಮಾದರಿಯ ಕ್ಯಾಮಫ್ಲಾಜ್ ಬಟ್ಟೆ ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾಗಳಲ್ಲಿ ನಾಗರಿಕರಿಗೆ ನಿಷಿದ್ಧ, ಅಂಥ ಚಡ್ಡಿ ಟೋಪಿ ಮನೆಯಲ್ಲೇ ಬಿಡಿ. ಗಾಂಜಾ ಬೇಡ. ಜಮೈಕಾ 2015ರಲ್ಲಿ ಸ್ವಲ್ಪ ಪ್ರಮಾಣಕ್ಕೆ ಶಿಕ್ಷೆ ಸಡಿಲಿಸಿದೆ ಎಂಬುದು ಹಡಗಿನ ಬಾಗಿಲಲ್ಲಿ, ಅಮೆರಿಕದ ಕಸ್ಟಮ್ಸ್‌ನಲ್ಲಿ, ನಿಮ್ಮ ವೀಸಾ ಕಡತದಲ್ಲಿ ಎಲ್ಲೂ ನಡೆಯುವುದಿಲ್ಲ.

ಜಮೈಕಾದಲ್ಲಿ ಕೆಂಪು ನಂಬರ್ ಪ್ಲೇಟ್ ಇರುವ ಟ್ಯಾಕ್ಸಿಯನ್ನೇ ಹತ್ತಿ. ದರ ಮೊದಲೇ ಮಾತಾಡಿ, ತಲೆಗೆಷ್ಟು, ಗಾಡಿಗೆಷ್ಟು, ಒಂದು ಕಡೆಗೋ ಎರಡು ಕಡೆಗೋ, ಯಾವ ಡಾಲರ್ ಎಂಬುದನ್ನು ಬಿಡಿಸಿ ಕೇಳಿ. ಬೆಲೀಜ್ ಡಾಲರ್ ಎರಡಕ್ಕೆ ಒಂದು ಅಮೆರಿಕನ್ ಡಾಲರ್. ಕೇಮನ್ ಡಾಲರ್ ಅಮೆರಿಕದ್ದಕ್ಕಿಂತ ಬೆಲೆಯುಳ್ಳದ್ದು. ಸಣ್ಣ ನೋಟುಗಳನ್ನಿಟ್ಟುಕೊಳ್ಳಿ. ಸ್ಕೂಟರ್, ಜೆಟ್‌ಸ್ಕಿ ಬಾಡಿಗೆ ಬೇಡವೇ ಬೇಡ. ಜಮೈಕಾ, ಕೇಮನ್, ಬಹಾಮಾಸ್‌ಗಳಲ್ಲಿ ವಾಹನ ನಮ್ಮೂರಿನಂತೆ ಎಡಕ್ಕೆ ಹೋಗುತ್ತದೆ. ಅಮೆರಿಕಕ್ಕೆ ಒಗ್ಗಿದ ಕಣ್ಣು ರಸ್ತೆ ದಾಟುವಾಗ ತಪ್ಪು ಕಡೆ ನೋಡುತ್ತದೆ.

ಸಸ್ಯಾಹಾರಿಗಳು ಮೆಕ್ಸಿಕೊದಲ್ಲಿ ಬೀನ್ಸ್ ಕಾಳಿನ ಪಲ್ಯ, ಅನ್ನ ನೋಡಿ ನಂಬಬೇಡಿ. ಕಾಳಿಗೆ ಹಂದಿಕೊಬ್ಬು, ಅನ್ನಕ್ಕೆ ಕೋಳಿ ರಸ ಹಾಕುವುದುಂಟು. "ಸಿನ್ ಮಾಂತೇಕಾ" ಅಂದರೆ ಕೊಬ್ಬು ಬೇಡ, "ಸಿನ್ ಕಾಲ್ಡೊ ದೆ ಪೋಯೊ" ಅಂದರೆ ಕೋಳಿ ರಸ ಬೇಡ, ಬರೆದಿಟ್ಟುಕೊಂಡು ತೋರಿಸಿ. ಜಮೈಕಾದಲ್ಲಿ ರಾಸ್ತಾಫಾರಿ ಪಂಥದವರ ಐಟಲ್ ಅಡುಗೆ ಹುಡುಕಿ, ಮಾಂಸ ಹಾಕದೆ ಕಾಯಿಹಾಲು, ಬೇಳೆ, ಗೆಡ್ಡೆಗಳಲ್ಲಿ ಮಾಡಿದ ಊಟ ನಮ್ಮ ಕರಾವಳಿಯವರ ನಾಲಿಗೆಗೆ ಹಿತ. ಹಡಗಿನ ಬಫೆಯ ಹಣ್ಣು, ಡಬ್ಬಿಯಲ್ಲಿ ತುಂಬಿದ ತಿಂಡಿ ದಡಕ್ಕೆ ಒಯ್ಯಬೇಡಿ, ಬಂದರಿನ ಕೃಷಿ ತಪಾಸಣೆಯಲ್ಲಿ ದಂಡ ಬೀಳಬಹುದು.

ಶಂಖ ಕೊಳ್ಳುವ ಆಸೆ ನಮ್ಮವರಿಗೆ ಸಹಜ. ಕೆರಿಬಿಯನ್ನಿನ ರಾಣಿಶಂಖ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಕಪ್ಪು ಹವಳವೂ ನಿಯಂತ್ರಣದಲ್ಲಿದೆ. ಆಮೆಚಿಪ್ಪಿನ ಬಳೆ, ಬಾಚಣಿಗೆಯಂತೂ ಪೂರ್ತಿ ನಿಷಿದ್ಧ. ಅಂಗಡಿಯವರು ರಸೀದಿ ಕೊಟ್ಟರೂ ಬೇಡ.

ಒಬ್ಬರನ್ನೊಬ್ಬರು ಬಿಡದೆ

ಕ್ಯಾಬಿನ್ ಕಾರ್ಡ್, ಗುರುತಿನ ಚೀಟಿ, ಕೊಂಚ ನಗದು ಇಬ್ಬರ ಬಳಿಯೂ ಬೇರೆ ಬೇರೆ ಇರಲಿ. ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಒಬ್ಬರೇ ಹೊರುವುದು ನಮ್ಮ ಮನೆಗಳ ಅಭ್ಯಾಸ, ದಡದಲ್ಲಿ ಅದು ಕೂಡದು. ಇಡೀ ದಿನ ದೂರ ಹೋಗುವಾಗ ಪಾಸ್‌ಪೋರ್ಟ್ ನೀರು ಹೊಗದ ಚೀಲದಲ್ಲಿ ಮೈಮೇಲಿರಲಿ. ಕಡಲತೀರದ ದಿನ ಅದು ಸೇಫ್‌ನಲ್ಲಿ, ಅದರ ಪ್ರತಿ ಜೇಬಿನಲ್ಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನಕ್ಕಾಗುವಷ್ಟು ಜೊತೆಗಿರಲಿ. ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ, ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನೊಳಗಿನ ಚಿತ್ರ ತೆರೆಯದೇ ಹೋಗಬಹುದು.

ಬೇರೆ ಬೇರೆ ಸುತ್ತಾಟಕ್ಕೆ ಹೋಗುವುದು ತಪ್ಪಲ್ಲ. ಒಬ್ಬರಿಗೆ ಡೈವಿಂಗ್, ಒಬ್ಬರಿಗೆ ಪೇಟೆ ಇಷ್ಟವಾದರೆ ಹಾಗೇ ಹೋಗಿ, ಬಲವಂತದ ಜೊತೆಗಿಂತ ಅದು ಮೇಲು. ಆದರೆ ಮರಳಿ ಸೇರುವ ಜಾಗ ಮತ್ತು ಸಮಯವನ್ನು ಬಾಯಿಮಾತಿನಲ್ಲಿ ಗಟ್ಟಿ ಮಾಡಿಕೊಂಡು ಹೋಗಿ, ಫೋನ್ ಮಾಡಿಕೊಳ್ಳೋಣ ಎಂದು ಬಿಡಬೇಡಿ. "ಐದೇ ನಿಮಿಷ, ಮರೆತ ಟೋಪಿ ತರುತ್ತೇನೆ" ಎಂದು ಕೊನೆಯ ಹೊತ್ತಿನಲ್ಲಿ ಒಬ್ಬರು ಹಿಂದೆ ಓಡಕೂಡದು.

ಒಬ್ಬರು ಹಡಗು ಹತ್ತಿ ಇನ್ನೊಬ್ಬರು ಬಾರದಿದ್ದರೆ ಹತ್ತಿದವರು ಕ್ಯಾಬಿನ್‌ನಲ್ಲಿ ಕೂತು ಕಾಯಬೇಡಿ. ತಕ್ಷಣ ಗೆಸ್ಟ್ ಸರ್ವಿಸಸ್‌ಗೆ ಹೋಗಿ ತಿಳಿಸಿ. ಏಣಿ ಎತ್ತುವ ಹೊತ್ತು ಹತ್ತಿರವಾದರೆ ಇಬ್ಬರ ಪಾಸ್‌ಪೋರ್ಟ್, ಔಷಧಿ, ಬ್ಯಾಂಕ್ ಕಾರ್ಡ್ ತೆಗೆದುಕೊಂಡು ಕೆಳಗಿಳಿಯಿರಿ. ಲಗೇಜು ಹೋಗಲಿ, ಅದು ಆಮೇಲೆ ಬರುತ್ತದೆ. ಪರದೇಶದ ದಡದಲ್ಲಿ ಗಂಡನನ್ನೋ ಹೆಂಡತಿಯನ್ನೋ ಒಂಟಿಯಾಗಿ ಬಿಟ್ಟು ಮುಂದಿನ ಬಂದರಿನಲ್ಲಿ ನೋಡೋಣ ಎನ್ನುವುದು ಆಗದ ಮಾತು.

ಇಬ್ಬರೂ ತಪ್ಪಿಸಿಕೊಂಡಿರಾದರೆ ಕಟ್ಟೆಯ ಮೇಲೆ ಕೂಗಾಡಬೇಡಿ, ಪರಸ್ಪರ ದೂರಬೇಡಿ. ನೇರವಾಗಿ ಬಂದರಿನ ಏಜೆಂಟರ ಕಚೇರಿಗೆ ಹೋಗಿ. ಬಾರದವರ ಪಾಸ್‌ಪೋರ್ಟನ್ನು ಸೇಫ್‌ನಿಂದ ತೆಗೆದು ಏಜೆಂಟರಿಗೆ ಕೊಟ್ಟುಹೋಗುವ ಪದ್ಧತಿ ಅನೇಕ ಹಡಗುಗಳಲ್ಲಿದೆ, ಮೊದಲು ಅದನ್ನು ಕೇಳಿ. ವಿಮಾ ಕಂಪನಿಗೆ ಆ ಕ್ಷಣವೇ ಫೋನ್ ಮಾಡಿ. ಮುಂದಿನ ಬಂದರಿಗೆ ಹೋಗುವುದೋ, ಅಲ್ಲಿಂದಲೇ ಮನೆಗೆ ಮರಳುವುದೋ ಎಂಬುದನ್ನು ನಿಮ್ಮ ವೀಸಾ ನೋಡಿ ನಿರ್ಧರಿಸಿ. ಮುಂದಿನ ದೇಶಕ್ಕೆ ವಿಮಾನದಲ್ಲಿ ಹೋಗಲು ವೀಸಾ ಬೇಕೆಂದಾದರೆ ಹಡಗಿನ ಆಸೆ ಬಿಟ್ಟು ಮನೆಯ ದಾರಿ ಹಿಡಿಯಿರಿ. ಪಾಸ್‌ಪೋರ್ಟೇ ಕಳೆದಿದ್ದರೆ ಊರಿನ ಪೊಲೀಸರಲ್ಲಿ ದೂರು ದಾಖಲಿಸಿ ಪ್ರತಿ ಪಡೆದು ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ಮೆಕ್ಸಿಕೊದಲ್ಲಿ ಅದು ರಾಜಧಾನಿ ಮೆಕ್ಸಿಕೊ ಸಿಟಿಯಲ್ಲಿದೆ, ಜಮೈಕಾದಲ್ಲಿ ಭಾರತದ ಹೈಕಮಿಷನ್ ಕಿಂಗ್‌ಸ್ಟನ್‌ನಲ್ಲಿದೆ. ಎರಡರ ತುರ್ತು ನಂಬರನ್ನೂ ಮನೆಯಿಂದ ಹೊರಡುವ ಮುಂಚೆಯೇ ಆ ಕಾಗದದ ಮೇಲೆ ಬರೆದುಕೊಳ್ಳಿ.